ಒಂದು ಬೆಕ್ಕಿನ ಶುಶ್ರೂಷೆ: ಅಹಿಂಸೆಯ ಕೆಲವು ಪ್ರಶ್ನೆಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಆದರೆ ಔಷಧವನ್ನು ಅಪೇಕ್ಷಿಸುವ ಜೀವಿಯು ಸ್ವಭಾವತಃ ಮಾಂಸಾಹಾರಿಯಾಗಿದ್ದರೆ ಶ್ರಾವಕನಾದವನು ಏನು ಮಾಡಬೇಕು? ಈ ಪ್ರಶ್ನೆ ನನಗೆ ಗ್ರಂಥಾವಲೋಕನದಿಂದ ಹುಟ್ಟಿದ್ದಲ್ಲ. ನಮ್ಮ ಬೇಳೆಕಾಳಿನ ಮಳಿಗೆಯ ಗಂಡು ಬೆಕ್ಕೊಂದು ಅದನ್ನು ನನ್ನ ಮುಂದಿಟ್ಟಿತು.

ಆ ಬೆಕ್ಕನ್ನು ನಾವು ತಂದು ಸಾಕಿದವರಲ್ಲ. ಒಂದು ಮಳೆಗಾಲದಲ್ಲಿ ತಾನಾಗಿ ಗೋದಾಮಿಗೆ ಬಂದು ಅಲ್ಲೇ ಉಳಿದುಕೊಂಡಿತ್ತು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಗುಮಾಸ್ತರು ಬಂದು, "ಸಾಹುಕಾರರೇ, ಬೆಕ್ಕು ಬೆಳಗಿನಿಂದ ಮರಳಿನ ಮೇಲೆ ಕೂತು ಕೂತು ಏಳುತ್ತಿದೆ, ಒಂದೇ ಸಮನೆ ಅರಚುತ್ತಿದೆ" ಎಂದರು. ಹಮಾಲರೊಬ್ಬರು ಮಲಬದ್ಧತೆಯೆಂದು ಊಹಿಸಿ ಹರಳೆಣ್ಣೆ ಕುಡಿಸಲು ಹೇಳಿದರು. ಮರಳು ಒಣಗಿಯೇ ಇದ್ದುದನ್ನು ಗಮನಿಸಿದ ನನ್ನ ಸೊಸೆ, "ಮಾವ, ಮೂತ್ರ ಕಟ್ಟಿರಬೇಕು, ತಡಮಾಡುವುದು ಬೇಡ" ಎಂದಳು. ಬುಟ್ಟಿಯಲ್ಲಿಟ್ಟುಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಹೋದೆವು.

ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿದರು. ಮೂತ್ರಕೋಶ ಗಟ್ಟಿಯಾದ ಚೆಂಡಿನಂತಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಲೋಳೆಯೂ ಸೂಕ್ಷ್ಮ ಹರಳುಗಳೂ ಕೂಡಿ ಬಿರಡೆಯಂತೆ ಕುಳಿತರೆ ದಾರಿ ಮುಚ್ಚಿಹೋಗುತ್ತದೆ. ಹೊರಹೋಗಬೇಕಾದ ಕಲ್ಮಷ ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ವೈದ್ಯರು ಮತ್ತು ಬರುವ ಮದ್ದು ಕೊಟ್ಟು, ಸಣ್ಣ ನಳಿಕೆ ತೂರಿಸಿ ಮೂತ್ರವನ್ನು ಹೊರತೆಗೆದು, ರಕ್ತನಾಳದ ಮೂಲಕ ದ್ರವ ಹರಿಸಿದರು. ಎರಡು ದಿನ ನಳಿಕೆಯನ್ನು ಹಾಗೆಯೇ ಇಟ್ಟಿದ್ದರು. ಪರೀಕ್ಷೆಯಲ್ಲಿ ಸ್ಟ್ರುವೈಟ್ ಎಂಬ ಹರಳುಗಳು ಕಂಡವು, ಸೋಂಕು ಕಾಣಲಿಲ್ಲ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಎಂದಿಗೂ ಕೊಡಬಾರದು, ಬೆಕ್ಕಿಗೆ ಅದು ವಿಷವೆಂದು ಅವರು ಎಚ್ಚರಿಸಿದರು.

ಇಲ್ಲಿಯವರೆಗೆ ಧರ್ಮಸಂಕಟವೇನೂ ಇರಲಿಲ್ಲ. ಅದು ಆರಂಭವಾದದ್ದು ಪಥ್ಯದ ಮಾತು ಬಂದಾಗ. ಹರಳು ಕರಗಿಸಲೆಂದೇ ತಯಾರಾದ, ನೀರಿನಂಶ ಹೆಚ್ಚಿರುವ ಡಬ್ಬಿಯ ಆಹಾರವನ್ನು ವೈದ್ಯರು ಬರೆದುಕೊಟ್ಟರು. ಅದು ಮಾಂಸದಿಂದಾದದ್ದು. ನನ್ನ ಶ್ರೀಮತಿ, "ಹಾಲನ್ನ ಹಾಕಿ ಎಷ್ಟು ಬೇಕಾದರೂ ನೋಡಿಕೊಳ್ಳೋಣ, ಅದನ್ನು ಮಾತ್ರ ನಮ್ಮ ಕೈಯಾರೆ ಕೊಡುವುದು ಹೇಗೆ?" ಎಂದು ಕೇಳಿದಳು. ಅವಳ ಸಂಕಟ ಸಹಜವಾದದ್ದೇ.

ನಾನು ವೈದ್ಯರನ್ನು ವಿವರವಾಗಿ ವಿಚಾರಿಸಿದೆ. ಬೆಕ್ಕಿನ ದೇಹ ಟಾರಿನ್ ಎಂಬ ಸತ್ವವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣು ಕೆಡುವುದನ್ನು 1975ರಲ್ಲಿಯೂ, ಹೃದಯ ದುರ್ಬಲವಾಗುವುದನ್ನು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಟಾರಿನ್ ಬೆರೆಸಿದ ಸಸ್ಯಾಹಾರವೂ ಕೆಲವೆಡೆ ದೊರೆಯುತ್ತದೆ. ಆದರೆ ಸಸ್ಯಾಹಾರದಿಂದ ಬೆಕ್ಕಿನ ಮೂತ್ರ ಕ್ಷಾರೀಯವಾಗುವ ಸಂಭವ ಹೆಚ್ಚು. ಸ್ಟ್ರುವೈಟ್ ಹರಳು ಬೆಳೆಯುವುದೇ ಕ್ಷಾರೀಯ ಮೂತ್ರದಲ್ಲಿ. ಅಂದಮೇಲೆ ಈ ರೋಗಿಗೆ ನಮ್ಮ ಹಾಲನ್ನವು ಕರುಣೆಯ ವೇಷದಲ್ಲಿ ಬರುವ ನೋವೇ ಆಗುತ್ತಿತ್ತು.

ಶಾಸ್ತ್ರದ ಕಡೆಗೂ ನೋಡೋಣ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಅಸತೀಪೋಷಣವನ್ನು ಎಣಿಸುವಾಗ ಬೆಕ್ಕು ನಾಯಿಗಳ ಪೋಷಣೆಯನ್ನೂ ಹೆಸರಿಸಿದ್ದಾರೆ. ಆದರೆ ಅಲ್ಲಿ ನಿಷೇಧವಿರುವುದು ಹಣಕ್ಕಾಗಿ ಮಾಡುವ ಪೋಷಣೆಗೆ. ಇಲಿ ಹಿಡಿಯಲೆಂದು ಬೆಕ್ಕನ್ನು ತಂದು ಕಟ್ಟಿಕೊಳ್ಳುವ ವ್ಯಾಪಾರಿ ಈ ಮಾತನ್ನು ಯೋಚಿಸಬೇಕು. ಇನ್ನೊಂದು ಕಡೆ, ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಸೇರಿಸಿದೆ. ನಮ್ಮ ಆಶ್ರಯದಲ್ಲಿ ಕಟ್ಟುಬಿದ್ದ ರೋಗಿಗೆ ಅದು ಜೀರ್ಣಿಸಿಕೊಳ್ಳಬಲ್ಲ ಆಹಾರವನ್ನು ತಡೆಯುವುದೂ ಆ ದೋಷಕ್ಕೆ ಸಮೀಪವೆಂದು ನನ್ನ ವಿನಮ್ರ ಅಭಿಪ್ರಾಯ.

"ಡಬ್ಬಿಯನ್ನು ಬೇರೆಯವರ ಕೈಯಿಂದ ಹಾಕಿಸಿದರಾಯಿತು" ಎಂದು ಮಿತ್ರರೊಬ್ಬರು ಸಲಹೆಯಿತ್ತರು. ಕೃತ, ಕಾರಿತ, ಅನುಮೋದನೆ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಧರ್ಮದಲ್ಲಿ ಈ ಉಪಾಯ ಸಲ್ಲದು. "ಅದರ ಕರ್ಮ, ಅದು ಅನುಭವಿಸಲಿ" ಎಂದವರೂ ಇದ್ದರು. ಅದರ ಕರ್ಮ ಅದರದು, ನಿಜ. ನೋಡಿಯೂ ಸುಮ್ಮನಿದ್ದರೆ ಆ ಉಪೇಕ್ಷೆಯ ಕರ್ಮ ಯಾರದು? ಆದ್ದರಿಂದ ವೈದ್ಯರು ಹೇಳಿದ ಅವಧಿಗೆ ಗೋದಾಮಿನ ಹೊರಕೋಣೆಯಲ್ಲಿ ಬೇರೆ ಪಾತ್ರೆಯಿಟ್ಟು ನಾನೇ ಬಡಿಸಿದೆ. ಅದನ್ನು ಪುಣ್ಯದ ಖಾತೆಗೆ ಬರೆದುಕೊಳ್ಳಲಾರೆ. ಎರಡು ಹಿಂಸೆಗಳ ನಡುವೆ ತಿಳಿದು ಆರಿಸಿದ್ದರ ಭಾರ ನನ್ನದೇ ಎಂದು ಭಾವಿಸುತ್ತೇನೆ.

ಶ್ರೀಮತಿಯೂ ತನ್ನ ಪಾಲಿನ ಸೇವೆಯನ್ನು ಕಂಡುಕೊಂಡಳು. ಈ ರೋಗಕ್ಕೆ ನೀರೇ ಮುಖ್ಯ ಔಷಧವೆಂದು ವೈದ್ಯರು ಹೇಳಿದ್ದರಿಂದ, ಅಗಲ ಬಾಯಿಯ ಬೋಗುಣಿಗಳಲ್ಲಿ ಸೋಸಿದ ನೀರನ್ನು ಮೂರು ಕಡೆ ಇಟ್ಟು ನಿತ್ಯ ಬದಲಿಸುತ್ತಿದ್ದಳು. ಸೊಸೆ ಮರಳಿನ ತಟ್ಟೆಯನ್ನು ಶುಚಿಗೊಳಿಸಿ, ಎಷ್ಟು ಸಲ ಒದ್ದೆಯಾಯಿತೆಂದು ಬರೆದಿಡುತ್ತಿದ್ದಳು. ಗದ್ದಲವೂ ಭಯವೂ ಈ ರೋಗವನ್ನು ಕೆರಳಿಸುವುದರಿಂದ ಮೂಟೆ ಇಳಿಸುವ ಬಾಗಿಲನ್ನೇ ಕೆಲವು ದಿನ ಬದಲಿಸಿದೆವು. ಈಗ ಬೆಕ್ಕು ಸುಖವಾಗಿದೆ. ಆದರೂ ಇದು ಮರುಕಳಿಸುವ ರೋಗವಾದ್ದರಿಂದ ಮರಳು ನೋಡುವುದನ್ನು ನಿಲ್ಲಿಸಿಲ್ಲ.

ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನರ ಪಕ್ಷಿ ಚಿಕಿತ್ಸಾಲಯದಲ್ಲಿ ಸಸ್ಯಾಹಾರಿ ಹಕ್ಕಿಗಳನ್ನು ಒಳಗಿಟ್ಟುಕೊಂಡು ಆರೈಕೆ ಮಾಡುತ್ತಾರೆ; ಹದ್ದು ಗಿಡುಗಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ಕೊಡುತ್ತಾರೆ. ವ್ರತವನ್ನೂ ಬಿಡದೆ, ಬಂದ ಜೀವವನ್ನೂ ತಿರುಗಿಸಿ ಕಳಿಸದೆ ಕಂಡುಕೊಂಡ ದಾರಿಯದು. ನಮ್ಮ ಬಸದಿಗಳ ಟ್ರಸ್ಟುಗಳೂ ಔಷಧದಾನದ ನಿಧಿಯಿಂದ ಪ್ರಾಣಿಚಿಕಿತ್ಸೆಗೆಂದು ಒಂದು ಪಾಲನ್ನು ತೆಗೆದಿಡಬಹುದು. ಗಂಡು ಬೆಕ್ಕು ಮೂತ್ರಕ್ಕೆ ಕೂತು ಬರಿದೇ ಏಳುತ್ತಿದ್ದರೆ ನಾಳೆಗೆ ಕಾಯದೆ ಅಂದೇ ವೈದ್ಯರ ಬಳಿಗೆ ಒಯ್ಯಬೇಕೆಂಬ ಒಂದು ಮಾತನ್ನಾದರೂ ಓದುಗ ಬಂಧುಗಳು ನೆನಪಿಟ್ಟುಕೊಂಡರೆ ಈ ಬರಹ ಸಾರ್ಥಕ.