ಹಡಗಿಗೆ ಕಾದವರು

ಬ್ಯಾಂಕಾಕಿನ ಖಾವೋಸಾನ್ ಬೀದಿಯಲ್ಲಿ ಸಂಜೆಯಾಗುತ್ತಲೇ ಬೆನ್ನುಚೀಲದ ಯಾತ್ರಿಕರು ನೆರೆಯುತ್ತಾರೆ. ಟಿಕೆಟ್ಟನ್ನು ನೋಡಿದವನು ಒಬ್ಬೊಬ್ಬರ ಎದೆಗೂ ಒಂದೊಂದು ಬಣ್ಣದ ಅಂಟುಚೀಟಿ ಹಚ್ಚುತ್ತಾನೆ. ಯಾವ ಬಣ್ಣ ಯಾವ ದ್ವೀಪದ್ದೆಂಬುದು ದಾರಿಯುದ್ದಕ್ಕೂ ಅವನ ಕಡೆಯವರಿಗೆ ಗೊತ್ತು. ಅಂಗಡಿಯ ಸಾಮಾನಿಗೆ ಬೆಲೆ ಹಚ್ಚಿದಂತೆ ಮನುಷ್ಯನಿಗೆ ಊರು ಹಚ್ಚುವ ಈ ಪದ್ಧತಿ ತುಸು ಅವಮಾನವೆನಿಸಬಹುದು. ಭಾಷೆ ಬಾರದ ನಾಡಿನಲ್ಲಿ ಅದೇ ದೊಡ್ಡ ಉಪಕಾರ.

ನವೆಂಬರಿನ ಅಂಥದೊಂದು ಸಂಜೆ, ಕೋ ಸಮುಯಿ ದ್ವೀಪಕ್ಕೆ ಹಳದಿ ಚೀಟಿ ಹಚ್ಚಿಸಿಕೊಂಡ ತರುಣನೊಬ್ಬ ಬಸ್ಸಿನ ಕಿಟಕಿಗೆ ತಲೆಯಾನಿಸಿ ಮಲಗಿದ. ಅವನಿಗಿದ್ದುದು ಐದೇ ದಿನಗಳ ರಜೆ. ಸುಮಾರು 650 ಕಿಲೋಮೀಟರಿನ ದಾರಿಯಲ್ಲಿ ಅವನು ನಿದ್ದೆಗೆ ತೆತ್ತ ಊರುಗಳೆಷ್ಟೋ! ಪೆಚಬುರಿ ಎಂದರೆ ವಜ್ರಪುರಿ. ಸಂಸ್ಕೃತದ ಹೆಸರು ತಾಯಿಗಳ ನಾಲಗೆಯಲ್ಲಿ ನುಣುಪಾಗಿದೆ, ಅಷ್ಟೆ. ಬಸ್ಸು ಬೆಳಗಿಗೆ ತಲುಪುವ ಸುರಾತ್ ಥಾನಿಯ ಕಥೆ ಇನ್ನೂ ಸ್ವಾರಸ್ಯವಾದುದು. ಆರನೆಯ ರಾಮನೆನಿಸಿದ ವಜಿರಾವುಧ ದೊರೆ 1915ರಲ್ಲಿ ಈ ಊರಿಗೆ ನಮ್ಮ ಗುಜರಾತಿನ ಸೂರತ್ತಿನ ಹೆಸರಿಟ್ಟ. ಸೂರತ್ತಿಗೆ ತಾಪಿ ನದಿಯಿರುವಾಗ ಇಲ್ಲಿಗೂ ಒಂದು ಬೇಡವೆ? ಇಲ್ಲಿಯ ಹೊಳೆಯೂ ತಾಪಿಯೇ ಆಯಿತು. ‘ಥಾನಿ’ಯಲ್ಲಿ ರಾಜಧಾನಿಯ ‘ಧಾನಿ’ಯನ್ನು ಗುರುತಿಸಲು ಪಂಡಿತರೇ ಬೇಕಿಲ್ಲ.

ಅಲ್ಲಿ ಬಸ್ಸು ಬದಲಾಯಿಸಿ, ರಬ್ಬರು ತೋಟಗಳ ನಡುವೆ ಸಾಗಿ, ಡಾನ್ಸಾಕಿನ ಹಡಗುಕಟ್ಟೆಯನ್ನು ತಲುಪಿದರೆ ಹಡಗು ಹೊರಡುವಂತಿರಲಿಲ್ಲ. ನೈಋತ್ಯ ಮಾರುತ ಪಶ್ಚಿಮದ ಫುಕೆಟ್ಟನ್ನು ತೋಯಿಸಿ ಹೋದ ಮೇಲೆ, ಈಶಾನ್ಯ ಮಾರುತ ಈ ಪೂರ್ವದ ಕೊಲ್ಲಿಗೆ ಎರಗುತ್ತದೆ. ನವೆಂಬರು ಅದರ ಭರದ ಕಾಲ. 1989ರ ನವೆಂಬರಿನಲ್ಲಿ ‘ಗೇ’ ಎಂಬ ಚಂಡಮಾರುತ ಉತ್ತರದ ಚುಂಫೋನನ್ನು ನೆಲಸಮ ಮಾಡಿದ್ದನ್ನು ಕಂಡ ಕರಾವಳಿಯಿದು. ಇಲ್ಲಿ ಯಾರೂ ಸಮುದ್ರದೊಡನೆ ವಾದಕ್ಕಿಳಿಯುವುದಿಲ್ಲ.

ತರುಣ ಮಾತ್ರ ಟಿಕೆಟ್ ಕಿಂಡಿಯ ಮುಂದೆ ವಾದಕ್ಕಿಳಿದ. ಹಡಗು ಇಷ್ಟು ದೊಡ್ಡದು, ಲಾರಿಗಳನ್ನೇ ಹೊಟ್ಟೆಯಲ್ಲಿ ತುಂಬಿಕೊಳ್ಳುವಂಥದು, ಹೆದರಿಕೆಯೇಕೆ? ಕಿಂಡಿಯ ಹುಡುಗಿ ನಕ್ಕು ಸಮುದ್ರದತ್ತ ಕೈ ತೋರಿಸಿದಳು. ಅಲೆಗಳು ಕಟ್ಟೆಯನ್ನು ಹತ್ತಿ ಇಳಿಯುತ್ತಿದ್ದವು.

ಅವನು ಹಿಂದಿರುಗಿದಾಗ ಬೆಂಚಿನ ಮೇಲೆ ಸ್ಥಳವಿರಲಿಲ್ಲ. ದ್ವೀಪದ ಹೆಂಗಸೊಬ್ಬಳು ಬುಟ್ಟಿಯನ್ನು ತೊಡೆಗೇರಿಸಿ ಜಾಗ ಮಾಡಿಕೊಟ್ಟಳು. ಪಕ್ಕದಲ್ಲಿ ಅವಳ ತಾಯಿ. ಒಂದು ಕಣ್ಣಿಗೆ ಬಿಳಿಯ ಪಟ್ಟಿ. ಸುರಾತ್ ಥಾನಿಯ ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದವರು. ನಿನ್ನೆಯಿಂದಲೇ ಅಲ್ಲಿ ಕಾಯುತ್ತಿದ್ದರೆಂಬುದು ಅವಳ ಕೈಸನ್ನೆಯಿಂದ ಮೆಲ್ಲಗೆ ತಿಳಿಯಿತು. ಬುಟ್ಟಿಯಿಂದ ಬಿದಿರಿನ ಕೊಳವೆಯೊಂದು ಹೊರಬಂತು: ತೆಂಗಿನಹಾಲಿನಲ್ಲಿ ಬೇಯಿಸಿದ ಅಂಟಕ್ಕಿಯ ‘ಖಾವ್ ಲಾಮ್’. ಮೂವರೂ ಬಿದಿರು ಸೀಳಿ ತಿಂದರು. ಮುದುಕಿಯ ಪಾಲನ್ನು ಮಗಳು ಚಿಕ್ಕ ಚಿಕ್ಕ ತುತ್ತು ಮಾಡಿ ಬಾಯಿಗಿಟ್ಟಳು.

ಮಧ್ಯಾಹ್ನ ಇಳಿದ ಮೇಲೆ ಗಾಳಿ ತಗ್ಗಿತು, ಹಡಗು ಹೊರಟಿತು. ಒಂದೂವರೆ ಗಂಟೆಯ ದಾರಿಗೆ ಅಂದು ಎರಡಕ್ಕೂ ಮೀರಿ ಹಿಡಿಯಿತು. ಅಲೆಯ ಮೇಲೆ ಹಡಗು ಓಲಾಡಿದಾಗಲೆಲ್ಲ ಮುದುಕಿ ಪಟ್ಟಿಯ ಮೇಲೆ ಅಂಗೈ ಮುಚ್ಚಿಕೊಳ್ಳುತ್ತಿದ್ದಳು. ತರುಣ ತನ್ನ ಬೆನ್ನುಚೀಲವನ್ನು ಅವಳ ತಲೆಯ ಹಿಂದೆ ಒರಗಿಗೆ ಕೊಟ್ಟು, ತಾನು ಕಂಬ ಹಿಡಿದು ನಿಂತ.

ನಾತೋನಿನಲ್ಲಿ ಇಳಿದಾಗ ಕತ್ತಲಾಗಿತ್ತು. ‘ಸೊಂಗ್ ತೇವ್’ ಎಂದರೆ ಎರಡು ಸಾಲು. ಎದುರುಬದುರು ಬೆಂಚು ಹಾಕಿದ ಪುಟ್ಟ ಲಾರಿಗೆ ಅದಕ್ಕಿಂತ ಪ್ರಾಮಾಣಿಕವಾದ ಹೆಸರು ಸಿಕ್ಕೀತೆ! ದ್ವೀಪವನ್ನು ಬಳಸುವ ಸುಮಾರು 50 ಕಿಲೋಮೀಟರಿನ ರಸ್ತೆಯಲ್ಲಿ ಅದು ಹೊರಟಿತು. ಈ ರಸ್ತೆ ಬಂದದ್ದು 1970ರ ದಶಕದಲ್ಲಿ, ವಿಮಾನ ನಿಲ್ದಾಣ 1989ರಲ್ಲಿ; ಅದಕ್ಕೆ ಮುನ್ನ ತೆಂಗೇ ಇಲ್ಲಿಯ ಬದುಕು. ತೋಟದ ಅಂಚಿನಲ್ಲೊಂದು ಕಡೆ ತಾಯಿ ಮಗಳು ಇಳಿದರು. ಮಗಳು ತಿರುಗಿ ನಿಂತು, ನಗುತ್ತ ತನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಅರ್ಥವಾಗದೆ ತರುಣ ಕೈಜೋಡಿಸಿದ. ಗಾಡಿ ಮುಂದೆ ಸಾಗಿದ ಮೇಲೆ ಅಂಗಿಯನ್ನು ನೋಡಿಕೊಂಡರೆ, ಹಳದಿ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.