ಗುಪ್ತದಾನ ಮತ್ತು ಗುಪ್ತ ದೇಣಿಗೆ



ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ನಮ್ಮ ಹಿರಿಯರ ಮಾತು. ದಾಸೋಹಕ್ಕೆಂದು ಜೋಳದ ಚೀಲಗಳನ್ನು ತಂದಿಳಿಸಿ, ರಸೀತಿಯಲ್ಲಿ ತಮ್ಮ ಹೆಸರು ಬೇಡ, 'ಒಬ್ಬ ಭಕ್ತರಿಂದ' ಎಂದಷ್ಟೇ ಬರೆಯಿರಿ ಎನ್ನುವವರನ್ನು ನಾನು ಆಗಾಗ ಕಂಡಿದ್ದೇನೆ. ಅಂಥವರ ಮುಂದೆ ಮನಸ್ಸು ತಾನಾಗಿಯೇ ಬಾಗುತ್ತದೆ. ಆದ್ದರಿಂದಲೇ, ರಾಜಕೀಯ ಪಕ್ಷಗಳಿಗೆ ಹೆಸರು ಹೇಳದೆ ಹಣ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿದಾಗ, ಪರಿಚಿತ ವರ್ತಕರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. "ಮಠಕ್ಕೆ ಕೊಟ್ಟ ಗುಪ್ತದಾನ ಪುಣ್ಯವಾದರೆ, ಪಕ್ಷಕ್ಕೆ ಕೊಟ್ಟದ್ದು ಹೇಗೆ ದೋಷವಾದೀತು?" ಎಂದು ಅವರು ಕೇಳಿದ್ದರು. ಇದು ಹಗುರವಾದ ಪ್ರಶ್ನೆಯಲ್ಲ.

2017ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಈ ಯೋಜನೆ 2018ರ ಜನವರಿಯಲ್ಲಿ ಜಾರಿಗೆ ಬಂದಿತು. ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಗಳಲ್ಲಿ ಒಂದು ಸಾವಿರ ರೂಪಾಯಿಯಿಂದ ಒಂದು ಕೋಟಿ ರೂಪಾಯಿಯವರೆಗಿನ ಬಾಂಡುಗಳನ್ನು ಕೊಂಡು ತಮಗೆ ಬೇಕಾದ ಪಕ್ಷಕ್ಕೆ ಒಪ್ಪಿಸಬಹುದಾಗಿತ್ತು. ಪಕ್ಷವು 15 ದಿನಗಳೊಳಗೆ ಅದನ್ನು ನಗದಾಗಿಸಿಕೊಳ್ಳಬೇಕಿತ್ತು. ಬಾಂಡಿನ ಮೇಲೆ ಕೊಂಡವರ ಹೆಸರಿರುತ್ತಿರಲಿಲ್ಲ. ಕೊಟ್ಟವರ ವಿವರವನ್ನು ಪಕ್ಷವು ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗಿಯೂ ಇರಲಿಲ್ಲ. ಕಂಪನಿಯೊಂದು ತನ್ನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಹಳೆಯ ಮಿತಿಯೂ ಆಗ ತೆಗೆಯಲ್ಪಟ್ಟಿತು. ಹೀಗಾಗಿ ನಷ್ಟದಲ್ಲಿರುವ ಕಂಪನಿಯೂ ಕೋಟಿಗಳನ್ನು ಕೊಡಲು ಅಡ್ಡಿ ಇಲ್ಲವಾಯಿತು.

ಈ ಯೋಜನೆಯ ಪರವಾಗಿಯೂ ಒಂದು ವಾದವಿತ್ತು. ಹೆಸರು ಹೊರಬಿದ್ದರೆ, ದೇಣಿಗೆ ಸಿಗದ ಪಕ್ಷವು ಮುಂದೆ ಅಧಿಕಾರಕ್ಕೆ ಬಂದಾಗ ಕೊಟ್ಟವರ ಮೇಲೆ ಹಗೆ ಸಾಧಿಸೀತೆಂಬುದು ಆ ಭಯ. ವ್ಯಾಪಾರ ಮಾಡಿ ಬದುಕುವವರಿಗೆ ಈ ಭಯ ನಿಜವಾದುದೇ. ಬೇನಾಮಿ ನಗದಿಗಿಂತ ಬ್ಯಾಂಕಿನ ಮೂಲಕ ಬರುವ ಹಣ ಲೇಸೆಂಬ ಮಾತನ್ನೂ ತಳ್ಳಿಹಾಕುವಂತಿಲ್ಲ.

ಆದರೆ ಗುಪ್ತದಾನದಲ್ಲಿ ಗುಪ್ತವಾಗಿರುವುದು ಯಾರಿಂದ ಎಂಬುದನ್ನು ನಾವು ವಿಚಾರಿಸಬೇಕು. ದಾನಿಯು ತನ್ನ ಹೆಸರನ್ನು ಲೋಕದಿಂದ ಮರೆಸುವಂತೆ ಪಡೆಯುವವನಿಂದಲೂ ಮರೆಸುತ್ತಾನೆ. ಉಂಡವನಿಗೆ ಉಣಿಸಿದವನಾರೆಂದು ಗೊತ್ತಿಲ್ಲದಿರುವಾಗ ಋಣವೆಂಬುದು ಹುಟ್ಟುವುದಿಲ್ಲ. ಬಾಂಡಿನ ವಿಷಯದಲ್ಲಿ ಹಾಗಿರಲಿಲ್ಲ. ಕೊಡುವವನು ತಾನೇ ಕೈಯಾರೆ ಒಪ್ಪಿಸಿ ಇದು ನನ್ನದೆಂದು ಹೇಳಬಹುದಿತ್ತು. ಮಾರಿದ ಬ್ಯಾಂಕು ಸರ್ಕಾರಿ ಸ್ವಾಮ್ಯದ್ದು. ಕೊಂಡವರ ಗುರುತಿನ ದಾಖಲೆಗಳೆಲ್ಲ ಅದರ ಬಳಿ ಇದ್ದವು. ಕೊಟ್ಟವನಿಗೂ ಪಡೆದವನಿಗೂ ತಿಳಿಯಬಹುದಾದ ಸಂಗತಿ ಮತದಾರನಿಗೆ ಮಾತ್ರ ಮುಚ್ಚಿತ್ತು. ಕಾನೂನು ಮಾಡುವ, ಗುತ್ತಿಗೆ ನೀಡುವ, ಮೊಕದ್ದಮೆ ಹೂಡುವ ಅಧಿಕಾರವುಳ್ಳವರಿಗೆ ಇಂಥ ಮುಸುಕಿನಲ್ಲಿ ಸಂದ ಹಣವನ್ನು ದಾನವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮತದಾನವೂ ಗುಪ್ತವಲ್ಲವೆ ಎಂದು ಕೇಳಬಹುದು. ಮತದ ಗೌಪ್ಯವು ಕೂಲಿಯವನನ್ನು ಜಮೀನ್ದಾರನ ಕೋಪದಿಂದ ಕಾಯುತ್ತದೆ, ಬಡವನನ್ನು ಬಲ್ಲಿದನಿಂದ ರಕ್ಷಿಸುತ್ತದೆ. ಕೋಟಿಗಟ್ಟಲೆ ದೇಣಿಗೆಯ ಗೌಪ್ಯವು ಬಲ್ಲಿದನನ್ನು ಬಡವನ ಪ್ರಶ್ನೆಯಿಂದ ರಕ್ಷಿಸುತ್ತದೆ.

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ಯೋಜನೆಯನ್ನು ಒಮ್ಮತದಿಂದ ಅಸಾಂವಿಧಾನಿಕವೆಂದು ಸಾರಿತು. ಮತದಾರನಿಗೆ ತಿಳಿಯುವ ಹಕ್ಕು 19(1)(ಎ) ವಿಧಿಯಲ್ಲೇ ಅಡಗಿದೆಯೆಂದಿತು. ಬ್ಯಾಂಕು ಜೂನ್ 30ರವರೆಗೆ ಕಾಲಾವಕಾಶ ಕೇಳಿದರೂ ನ್ಯಾಯಾಲಯ ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲೇ ಆಯೋಗವು ಪಟ್ಟಿಗಳನ್ನು ಪ್ರಕಟಿಸಿತು. ಅತ್ಯಧಿಕ ಮೊತ್ತದ, ಅಂದರೆ 1,368 ಕೋಟಿ ರೂಪಾಯಿಗಳ ಬಾಂಡು ಕೊಂಡದ್ದು ಒಂದು ಲಾಟರಿ ಕಂಪನಿ. ಅತಿ ಹೆಚ್ಚು ಹಣ ಸಂದದ್ದು ಕೇಂದ್ರದಲ್ಲಿ ಆಳುವ ಭಾರತೀಯ ಜನತಾ ಪಕ್ಷಕ್ಕೆ. ಆ ಕಾಲದಲ್ಲಿ ಪಶ್ಚಿಮ ಬಂಗಾಳ, ತೆಲಂಗಾಣ, ಒಡಿಶಾಗಳನ್ನು ಆಳುತ್ತಿದ್ದ ಪ್ರಾದೇಶಿಕ ಪಕ್ಷಗಳಿಗೂ ಕಾಂಗ್ರೆಸ್ಸಿಗೂ ದೊಡ್ಡ ಮೊತ್ತಗಳೇ ಸಂದಿದ್ದವು. ನೀರು ತಗ್ಗಿನತ್ತ ಹರಿಯುವಂತೆ ಹಣವು ಅಧಿಕಾರದತ್ತ ಹರಿದಿತ್ತು. ಇಷ್ಟರಿಂದಲೇ ಕೊಟ್ಟವರೆಲ್ಲ ಲಂಚ ಕೊಟ್ಟರೆನ್ನುವುದು ನ್ಯಾಯವಲ್ಲ. ವಿಶೇಷ ತನಿಖಾ ತಂಡ ಬೇಕೆಂಬ ಮನವಿಯನ್ನು ಅದೇ ನ್ಯಾಯಾಲಯವು 2024ರ ಆಗಸ್ಟ್‌ನಲ್ಲಿ ತಿರಸ್ಕರಿಸಿತು. ಆದರೆ ಹೆಸರುಗಳನ್ನು ಕಂಡ ಮೇಲೆ ಪ್ರಶ್ನಿಸುವುದಾದರೂ ಸಾಧ್ಯವಾಯಿತು.

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ರಾಜನ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂಬ ದೂರು ಬಂದಿತೆಂದೂ, ಭಂಡಾರವನ್ನು ತೆರೆದು ಎಣಿಸಿದಾಗ ಒಂದಿಷ್ಟೂ ಕೊರತೆ ಕಾಣಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಈ ಕಥೆಯಲ್ಲಿ ಪವಾಡವನ್ನು ಕಾಣುವವರು ಕಾಣಲಿ. ನನಗೆ ಹಿರಿದಾಗಿ ತೋರುವುದು, ಪರೀಕ್ಷೆಗೆ ಅಂಜದೆ ಬೀಗ ತೆರೆದ ಆ ನಡೆ. ಸಾರ್ವಜನಿಕ ಅಧಿಕಾರದಲ್ಲಿರುವವರಿಗೆ ಶುದ್ಧಹಸ್ತರಾಗಿರುವುದಷ್ಟೇ ಸಾಲದು. ಕೈಯನ್ನು ಬಿಚ್ಚಿ ತೋರಿಸಲೂ ಸಿದ್ಧರಿರಬೇಕು.

ಬಾಂಡು ಹೋಯಿತು, ಕತ್ತಲೆ ಪೂರ್ತಿ ಹೋಗಿಲ್ಲ. 20,000 ರೂಪಾಯಿ ಮೀರದ ದೇಣಿಗೆಗಳ ಮೂಲವನ್ನು ಪಕ್ಷಗಳು ಆಯೋಗಕ್ಕೆ ತಿಳಿಸಬೇಕಾಗಿಲ್ಲ. ನಮ್ಮ ರಾಜ್ಯದ ಲೋಕಸಭಾ ಅಭ್ಯರ್ಥಿಗೆ 2024ರಲ್ಲಿ 95 ಲಕ್ಷ ರೂಪಾಯಿಗಳ ವೆಚ್ಚಮಿತಿಯಿತ್ತು; ಆತನ ಪಕ್ಷಕ್ಕೆ ಯಾವ ಮಿತಿಯೂ ಇರಲಿಲ್ಲ. ಪಕ್ಷಗಳ ವಾರ್ಷಿಕ ಲೆಕ್ಕಪತ್ರಗಳನ್ನೂ ದೇಣಿಗೆಯ ವರದಿಗಳನ್ನೂ ಚುನಾವಣಾ ಆಯೋಗವು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅವುಗಳನ್ನು ತೆರೆದು ಓದುವವರು ವಿರಳ. ಮಠದ ದಾಸೋಹದ ಖರ್ಚನ್ನು ವರ್ಷಕ್ಕೊಮ್ಮೆ ನಿಸ್ಸಂಕೋಚವಾಗಿ ವಿಚಾರಿಸುವ ಭಕ್ತರು ನಮ್ಮಲ್ಲಿದ್ದಾರೆ. ಅದೇ ನಿಸ್ಸಂಕೋಚದಿಂದ ಓಟು ಕೇಳಲು ಬಂದವರನ್ನೂ ಅವರು ವಿಚಾರಿಸಲಿ.

ವರ್ತಕ ಮಿತ್ರರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: ಪ್ರತಿಫಲ ಬೇಡವೆನ್ನುವವನು ಹೆಸರನ್ನು ಮರೆಸಿದರೆ ಅದು ವಿನಯ; ಪ್ರತಿಫಲ ನೀಡಬಲ್ಲವನಿಗೆ ಕೊಡುವವನು ಹೆಸರನ್ನು ಮರೆಸಿದರೆ ಕಾರಣ ಕೇಳುವುದು ಪ್ರಜೆಯ ಕರ್ತವ್ಯ.