ಮೂರು ಹಿಡಿಕೆಯ ಕ್ಯಾನು

ನಮ್ಮ ಮಾವನ ಲಾರಿ ಮಂಗಳೂರಿನಿಂದ ಕುಚ್ಚಲಕ್ಕಿ ಹೇರಿಕೊಂಡು ಕಣ್ಣೂರಿಗೆ ಹೋಗುತ್ತಿತ್ತು. ಕೇರಳಕ್ಕಿಂತ ಇಲ್ಲಿ ಡೀಸೆಲ್ ಅಗ್ಗವಾದ್ದರಿಂದ ಆ ದಾರಿಯ ಲಾರಿಗಳು ಗಡಿ ದಾಟುವ ಮೊದಲೇ ತಲಪಾಡಿಯಲ್ಲಿ ಟ್ಯಾಂಕು ತುಂಬಿಸಿಕೊಳ್ಳುತ್ತವೆ. ಮಾವ ಅದರ ಮೇಲೊಂದು ಕ್ಯಾನನ್ನೂ ತುಂಬಿಸುತ್ತಿದ್ದರು. ಅದು ಉಳಿತಾಯಕ್ಕಲ್ಲ, ಹೆದರಿಕೆಗೆ. ಎಣ್ಣೆ ಮುಗಿದು ನಿಂತ ಡೀಸೆಲ್ ಗಾಡಿಯ ಪೈಪಿನೊಳಗೆ ಗಾಳಿ ಹೊಕ್ಕುಬಿಡುತ್ತದೆ. ಆಮೇಲೆ ಟ್ಯಾಂಕು ತುಂಬಿಸಿದರೂ ಅದು ಸ್ಟಾರ್ಟ್ ಆಗುವುದಿಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನಿಲ್ಲುವ ತನಕ ಏರ್ ತೆಗೆಯಬೇಕು. ಆಟಿಯ ಮಳೆಯಲ್ಲಿ, ಬಸ್ಸುಗಳ ಬೈಗುಳದಂಥ ಹಾರ್ನಿನ ನಡುವೆ ಒಮ್ಮೆ ಈ ಕೆಲಸ ಮಾಡಿದವನು ಕ್ಯಾನಿನ ಭಕ್ತನಾಗುತ್ತಾನೆ.

ಭಕ್ತಿಯೆಲ್ಲ ಎಣ್ಣೆಯ ಮೇಲೆ, ಪಾತ್ರೆಯ ಮೇಲಲ್ಲ. ಹಿಂದೆ ಫಿನಾಯಿಲ್ ಇದ್ದ ಪ್ಲಾಸ್ಟಿಕ್ ಕ್ಯಾನು, ಮುಚ್ಚಳ ಕಳೆದದ್ದಕ್ಕೆ ಬಾಯಿಗೊಂದು ತೊಟ್ಟೆ, ಮೇಲೆ ರಬ್ಬರ್ ಬ್ಯಾಂಡು. ಕ್ಲೀನರ್ ಅದನ್ನು ಟಾರ್ಪಾಲಿನಡಿ ಮೂಟೆಗಳ ಸಂದಿಗೆ ತುರುಕುತ್ತಿದ್ದ. ಒಂದು ದಿನ ಅದು ತುಳುಕಿ ಅಕ್ಕಿಗೆ ಇಳಿಯಿತು. ಕಣ್ಣೂರಿನ ಸಾಹುಕಾರರು ಮೂಟೆ ಮೂಸಿ ನೋಡಿ, "ಇದನ್ನು ನಿಮ್ಮ ಲಾರಿಗೇ ಉಣ್ಣಿಸಿ" ಎಂದರಂತೆ.

ಆಮೇಲೆ ಮಾವ ಗುಜರಿಯಿಂದ ಕಬ್ಬಿಣದ ಮಿಲಿಟರಿ ಕ್ಯಾನು ತಂದರು. ಅದಕ್ಕೆ ಸಾಲಾಗಿ ಮೂರು ಹಿಡಿಕೆ. ಎರಡು ಕೈಯ ಮನುಷ್ಯನಿಗೆ ಮೂರು ಯಾಕೆಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಓದುವಾಗ. ತುಂಬಿದ ಕ್ಯಾನನ್ನು ಒಬ್ಬನೇ ಹೊರುವುದಾದರೆ ನಡುವಿನದು, ಇಬ್ಬರಾದರೆ ಆಚೀಚಿನವು. ಖಾಲಿ ಕ್ಯಾನುಗಳಾದರೆ ಅಕ್ಕಪಕ್ಕದ ಹಿಡಿಕೆ ಸೇರಿಸಿ ಒಂದೇ ಕೈಯಲ್ಲಿ ಎರಡು.

ಇದು 1937ರಲ್ಲಿ ಜರ್ಮನಿಯ ಸೈನ್ಯಕ್ಕಾಗಿ ಮ್ಯುಲ್ಲರ್ ಕಂಪನಿ ರೂಪಿಸಿದ 20 ಲೀಟರಿನ ಕ್ಯಾನು. ಎರಡು ತಗಡಿನ ಅರ್ಧಗಳ ನಡುವೆ ಒಂದೇ ಬೆಸುಗೆ, ಒತ್ತಿದರೆ ಕಚ್ಚಿಕೊಳ್ಳುವ ಮುಚ್ಚಳ, ಸುರಿಯುವಾಗ ಗಾಳಿ ಒಳಬರಲು ಪುಟ್ಟ ಕೊಳವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಆಫ್ರಿಕದ ಮರುಭೂಮಿಗೆ ಪೆಟ್ರೋಲ್ ಒಯ್ದದ್ದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಗಳಲ್ಲಿ. ನಮ್ಮಜ್ಜಿ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ ಸೀಮೆಎಣ್ಣೆ ಡಬ್ಬದ ಸೋದರರು. ಶೇಕಡಾ 30ರಷ್ಟು ಪೆಟ್ರೋಲ್ ದಾರಿಯಲ್ಲೇ ನಷ್ಟವಾಗುತ್ತಿದೆ ಎಂಬುದು ಸೇನಾಧಿಪತಿ ಆಕಿನ್‌ಲೆಕ್ ಅವರ ಅಂದಾಜು. ಕೊನೆಗೆ ಶತ್ರುವಿನ ಕ್ಯಾನನ್ನೇ ಬ್ರಿಟಿಷರು ಇದ್ದ ಹಾಗೆ ನಕಲು ಮಾಡಿದರು.

ಅಮೆರಿಕದವರಿಗೆ ಈ ಕ್ಯಾನಿನ ಸುದ್ದಿ ಮುಟ್ಟಿದ್ದು ನಮ್ಮ ದೇಶದ ಮೂಲಕ! ಪಾಲ್ ಪ್ಲೈಸ್ ಎಂಬ ಅಮೆರಿಕನ್ ಇಂಜಿನಿಯರ್ 1939ರಲ್ಲಿ ಬರ್ಲಿನ್‌ನಿಂದ ಜರ್ಮನ್ ಗೆಳೆಯನೊಂದಿಗೆ ಭಾರತಕ್ಕೆ ಕಾರಿನಲ್ಲಿ ಹೊರಟ. ದಾರಿಗೆ ನೀರು ಬೇಕಲ್ಲ. ಗೆಳೆಯ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಇಂಥ ಮೂರು ಕ್ಯಾನು ಎಗರಿಸಿದ. ಆ ಗೆಳೆಯನನ್ನು ಅವನ ಸರಕಾರ ನಡುದಾರಿಯಿಂದಲೇ ವಾಪಸು ಕರೆಸಿಕೊಂಡಿತು. ಪ್ಲೈಸ್ ಒಬ್ಬನೇ ಕಲ್ಕತ್ತಾ ತಲುಪಿದ. ಊರಿಗೆ ಮರಳಿ ಕ್ಯಾನಿನ ಗುಣಗಾನ ಮಾಡಿದರೆ ಅಲ್ಲಿನ ಅಧಿಕಾರಿಗಳು ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಅಧಿಕಾರಿಗಳ ಕಿವಿ ಎಲ್ಲ ದೇಶದಲ್ಲೂ ಒಂದೇ ಅಚ್ಚಿನದು.

ಕ್ಯಾನು ಕಂಡರೆ ಹಿಡಿದಾರೆಂದು ಮಾವನಿಗೆ ಚೆಕ್‌ಪೋಸ್ಟಿನ ಭಯ. ನಾನು 1934ರ ಪೆಟ್ರೋಲಿಯಂ ಕಾಯ್ದೆ ತೆಗೆದು ಓದಿ ಹೇಳಿದೆ. ಡೀಸೆಲ್ ಅದರಲ್ಲಿ 'ಬಿ' ವರ್ಗ. ಒಂದೊಂದು ಪಾತ್ರೆ 1000 ಲೀಟರ್ ಮೀರದೆ, ಒಟ್ಟು 2500 ಲೀಟರ್‌ವರೆಗೆ ಪರವಾನಗಿ ಬೇಡ. ಪೆಟ್ರೋಲಿನ ವಿಷಯದಲ್ಲಿ ಕಾಯ್ದೆ ಬಹಳ ಬಿಗಿ: ಮಾರಾಟಕ್ಕಲ್ಲದಿದ್ದರೆ 30 ಲೀಟರ್, ಅದೂ ಬಿರಡೆ ಬಿಗಿದ ಪಾತ್ರೆಯಲ್ಲಿ, ಲೋಹದ್ದಾದರೆ 25 ಲೀಟರಿನದು, ಗಾಜು ಅಥವಾ ಪಿಂಗಾಣಿಯದಾದರೆ ಒಂದೇ ಲೀಟರಿನದು. ಉಪ್ಪಿನಕಾಯಿ ಭರಣಿಗೂ ಜಾಗ ಕೊಟ್ಟ ಆ ಸಾಲಿನಲ್ಲಿ ಪ್ಲಾಸ್ಟಿಕ್ಕಿನ ಹೆಸರೇ ಇಲ್ಲ. "2500 ಲೀಟರ್ ಹಾಕಿದರೆ ಅಕ್ಕಿ ಎಲ್ಲಿಡುವುದು ಮಾರಾಯಾ?" ಎಂದರು ಮಾವ.

ಪರವಾನಗಿ ಬೇಡವೆಂದರೆ ಜಾಗ್ರತೆಯೂ ಬೇಡವೆಂದಲ್ಲ, ಅದು ಅವರಿಗೆ ಯಾರೂ ಹೇಳದೆಯೇ ಗೊತ್ತಿತ್ತು. ಸೈಲೆನ್ಸರಿಗೂ ಬ್ಯಾಟರಿಗೂ ದೂರವಾಗಿ ಚಾಸಿಯ ಹೊರಮೈಗೆ ಕಬ್ಬಿಣದ ಗೂಡು ಬೆಸೆಸಿ, ಬೆಲ್ಟು ಬಿಗಿಸಿದರು. ಬಂಕಿನಲ್ಲಿ ಹುಡುಗ "ಮೇಲೆಯೇ ಇರಲಿ, ಹಾಕ್ತೇನೆ" ಎಂದರೂ ಕೇಳದೆ ಕ್ಯಾನನ್ನು ಇಳಿಸಿ ನೆಲದ ಮೇಲಿಡುತ್ತಿದ್ದರು. ಹರಿಯುವ ಎಣ್ಣೆಯಲ್ಲಿ ಹುಟ್ಟುವ ವಿದ್ಯುತ್ತು ನೆಲಕ್ಕೆ ಇಳಿಯಬೇಕು. ಟಾರ್ಪಾಲಿನ ಮೇಲೋ ರಬ್ಬರ್ ಹಾಸಿನ ಮೇಲೋ ಇಟ್ಟರೆ ಅದು ಕ್ಯಾನಿನಲ್ಲೇ ಉಳಿದು ನಾಝಲ್ಲಿಗೆ ಕಿಡಿಯಾಗಿ ಹಾರಬಹುದು. ಬಿಸಿಲಿಗೆ ಎಣ್ಣೆ ಉಬ್ಬುವುದರಿಂದ ಕಂಠದವರೆಗೆ ತುಂಬಿಸಲೂ ಬಿಡುತ್ತಿರಲಿಲ್ಲ.

ಜರ್ಮನರು ನೀರಿನ ಕ್ಯಾನು ಗುರುತಿಸಲು ಅದರ ಮೇಲೆ ಬಿಳಿ ಶಿಲುಬೆಯಾಕಾರದ ಗುರುತು ಹಾಕುತ್ತಿದ್ದರು ಎಂದೆ. ಮಾವನಿಗೆ ಅದು ಬಹಳ ಹಿಡಿಸಿತು. ಮರುದಿನವೇ ಕೆಂಪು ಬಣ್ಣದಲ್ಲಿ 'ಡೀಸೆಲ್' ಎಂದು ಕನ್ನಡದಲ್ಲಿ ಬರೆಸಿದರು. ಹೊಸ ಕ್ಲೀನರ್ ಕಾಸರಗೋಡಿನಾಚೆಯವನು, ಕನ್ನಡ ಬಾರದು, ಮಲಯಾಳದಲ್ಲೂ ಬರೆಸಿದರು. ಅವನ ನಂತರ ಬಂದವನು ಬಿಹಾರದವನು. ಹಿಂದಿ ಬರೆಯಲು ಆ ಬದಿಯಲ್ಲಿ ಜಾಗ ಉಳಿದಿರಲಿಲ್ಲ, ಕ್ಯಾನನ್ನು ತಿರುಗಿಸಿ ಬರೆದರು.